ನಡುವಿನ ಹಳದಿ ದೀಪ

ಸಿರುಮುಗೈ
ಮಂಗಳವಾರ, ಡಿಸೆಂಬರ್ 3, 2024

ಪ್ರೀತಿಯ ಅಪ್ಪಾ,

ನಾವಿಬ್ಬರೂ ಸೇರಿ ಒಬ್ಬ ಮನುಷ್ಯನ ಪ್ರಾಣ ತೆಗೆದಿದ್ದೇವೆ. ಇದನ್ನು ಮೊದಲ ಸಾಲಿನಲ್ಲೇ ಬರೆದುಬಿಟ್ಟೆ. ಕ್ಷೇಮ ಕೇಳಿ, ಮನೆಯ ಸುದ್ದಿ ಹೇಳಿ, ಆಮೇಲೆ ಬರೆಯೋಣವೆಂದು ಕೂತರೆ ಧೈರ್ಯ ನಡುದಾರಿಯಲ್ಲೇ ಇಳಿದುಹೋಗುತ್ತದೆ. ನಿನ್ನೆ ಎರಡು ಹಾಳೆ ಹಾಗೆಯೇ ಹಾಳಾದವು. ಸತ್ತವರ ಹೆಸರು ವೆಲ್ಲಿಂಗಿರಿ. ಆನೈಮಲೈ ಕಡೆ ತೆಂಗಿನಕಾಯಿ ಸುಲಿಯುವ ಕೆಲಸ ಮಾಡುತ್ತಿದ್ದರು. ವಯಸ್ಸು ನಲವತ್ತೊಂದು. ನಮ್ಮ ಗಾಡಿ ಅವರಿಗೆ ತಾಗಲಿಲ್ಲ, ತಾಗಿದ್ದು ಅದರ ಬೆಳಕು. ಆ ಬೆಳಕನ್ನು ಜೋಡಿಸಿದವಳು ನಾನು. ಗಾಡಿ ಓಡಿಸುತ್ತಿದ್ದವರು ನೀವು.

ಈಗ ಕೇಳುತ್ತೇನೆ, ಹೇಗಿದ್ದೀರಿ ಅಪ್ಪಾ? ಬೆನ್ನು ನೋವು ಕಡಿಮೆಯಾಯಿತೇ? ಕಣ್ಣಿಗೆ ಹನಿ ಹಾಕಿಕೊಳ್ಳುತ್ತಿದ್ದೀರಾ, ಅಥವಾ ಆ ಬಾಟಲಿಯೂ ಸೀಟಿನ ಕೆಳಗೆ ಉರುಳಾಡುತ್ತಿದೆಯೇ? ನಿಮ್ಮ ಗಾಡಿಯಲ್ಲಿ ಅಡಿಗೆ ಮಾಡುವ ಮೈಲ್‌ಸಾಮಿ ಅಣ್ಣ ತೀರಿಕೊಂಡ ತಮ್ಮ ಸೋದರತ್ತೆಯ ಹದಿನಾರನೇ ದಿನದ ಕಾರ್ಯಕ್ಕೆಂದು ಊರಿಗೆ ಬಂದಿದ್ದಾರೆ. "ನಿಮ್ಮಪ್ಪ ಟೀ ಬಗ್ಗಿಸಿದ್ರೆ ಅರ್ಧ ಲೋಟಕ್ಕೆ, ಅರ್ಧ ಭೂಮಿ ತಾಯಿಗೆ" ಎಂದು ನಗುತ್ತಾ ಹೇಳಿದರು. ಅಮ್ಮನೂ ನಕ್ಕಳು. ನನಗೆ ನಗು ಬರಲಿಲ್ಲ. ಅಮ್ಮನಿಗೆ ಮಂಡಿ ನೋವು ಬಿಟ್ಟರೆ ಬೇರೆ ತೊಂದರೆಯಿಲ್ಲ. ಮಗ್ಗದ ಮೇಲೆ ಗಿಳಿಹಸಿರು ಸೀರೆ ಇದೆ, ಇನ್ನು ಸೆರಗು ಬಾಕಿ. ದೀಪಾವಳಿಗೆ ನೀವು ಬರಲಿಲ್ಲವೆಂದು ಅವಳು ನಿಮ್ಮ ಪಾಲಿನ ಅದಿರಸದ ಕಜ್ಜಾಯವನ್ನು ಡಬ್ಬಿಯಲ್ಲಿಟ್ಟು, ಅದು ಕಲ್ಲಾಗುವವರೆಗೂ ಯಾರಿಗೂ ಮುಟ್ಟಗೊಡಲಿಲ್ಲ.

ಇದನ್ನು ಫೋನಿನಲ್ಲಿ ಹೇಳಲು ಮೂರು ಸಲ ನೋಡಿದೆ. ಮೂರು ಸಲವೂ ನಾನು ಬಾಯಿ ತೆರೆಯುವ ಮೊದಲೇ "ಸಿಗ್ನಲ್ ಇಲ್ಲ ಅಮ್ಮಿಣಿ" ಅಂದಿರಿ. ನಿಮ್ಮ ಫೋನಿನ ಮಾತು ಗಾಡಿಯ ಸ್ಪೀಕರಿನಲ್ಲೇ ಬರುತ್ತದೆ, ಹಿಂದೆ ಕೂತ ಪ್ರವಾಸಿಗರಿಗೂ ಕೇಳುತ್ತದೆ. ಅದಕ್ಕೇ ಕಾಗದ, ಅದಕ್ಕೇ ಕನ್ನಡ. ನೀವೀಗ ಗಾಡಿ ನಿಲ್ಲಿಸಿಕೊಂಡಿರುವ ಉಡುಮಲೈಯ ಆ ತೆಂಗಿನ ಶೆಡ್ಡಿನಲ್ಲಿ ಈ ಅಕ್ಷರ ಓದಬಲ್ಲವರು ನೀವೊಬ್ಬರೇ. ಇಲ್ಲಿ ಅಮ್ಮನಿಗೂ ತಮಿಳು ಬಿಟ್ಟರೆ ಬೇರೆ ಅಕ್ಷರ ತಿಳಿಯದು. ಕೊಳ್ಳೇಗಾಲದ ಅತ್ತೆಯ ಮನೆಯಲ್ಲಿದ್ದು ಏಳನೇ ತರಗತಿಯವರೆಗೆ ನೀವು ಓದಿದ್ದು, ಆಮೇಲೆ ನಮ್ಮ ಮಗ್ಗದ ಕಂಬದ ಮೇಲೆ ಸೀಮೆಸುಣ್ಣದಲ್ಲಿ ಬರೆದು ನನಗೆ ತೋರಿಸಿದ್ದು, ಅದೇ ಅಕ್ಷರಗಳು ಇವು. ಉಳಿದ ಕನ್ನಡವನ್ನು ಕರಪತ್ರಗಳಿಂದ ಕಲಿತೆ. ಅವನ್ನು ತಂದುಕೊಡುವ ಇರ್ಫಾನ್ ನಿಮಗೆ ಗೊತ್ತಲ್ಲ, ಶರವಣಂಪಟ್ಟಿಯ ಕಂಪನಿಯಲ್ಲಿರುವ ತುಮಕೂರಿನವನು. "ನಿನ್ನ ಬಾಯಿಂದ ಬರೋ ಕನ್ನಡ ತಮಿಳಿನ ತಂಗಿ, ಕೈಯಿಂದ ಬರೋ ಕನ್ನಡ ಸರ್ಕಾರಿ ಸುತ್ತೋಲೆಯ ಅಕ್ಕ" ಎಂದು ಅವನು ಗೇಲಿ ಮಾಡುತ್ತಾನೆ. ಮಾಡಲಿ. ಇವತ್ತು ನನಗೆ ಸುತ್ತೋಲೆಯಷ್ಟೇ ನೇರವಾದ ಭಾಷೆ ಬೇಕಾಗಿದೆ.

ಮೊದಲಿನಿಂದ ಬರೆಯುತ್ತೇನೆ. ಯಾವುದರಲ್ಲಿ ಯಾರ ಪಾಲು ಎಷ್ಟು ಎಂದು ನೀವೇ ನೋಡಿ. ಆಡಿ ತಿಂಗಳ, ಜುಲೈ ಕೊನೆಯ ಆ ಭಾನುವಾರ ನೆನಪಿದೆಯೇ? ನೀವು ಕ್ಯಾರವಾನನ್ನು ಕೈಮಗ್ಗ ಸೊಸೈಟಿಯ ಗೋಡೆಗೆ ಎದುರಾಗಿ ನಿಲ್ಲಿಸಿದ್ದಿರಿ. ಪೊಳ್ಳಾಚಿಯ ಶೂಟಿಂಗ್‌ಗಳಲ್ಲಿ ನಟರು ಬಣ್ಣ ಹಚ್ಚಿಕೊಳ್ಳಲು ಕೂರುತ್ತಿದ್ದ ಗಾಡಿ, ಇಪ್ಪತ್ತೆರಡು ವರ್ಷದ ಮುದುಕಿ. ಒಳಗೆ ಎರಡು ಹಾಸಿಗೆ, ಸಣ್ಣ ಅಡಿಗೆ ಕಟ್ಟೆ, ಕಕ್ಕಸು, ಕಿಟಕಿಯ ಎದುರಿಗೆ ದೊಡ್ಡ ಕನ್ನಡಿ, ಕನ್ನಡಿಯ ಸುತ್ತ ಹನ್ನೆರಡು ಬಲ್ಬು. ಒಳಗೆ ಅಷ್ಟು ಬೆಳಕಿದ್ದ ಗಾಡಿಗೆ ಮುಂದೆ ಮಾತ್ರ ಬೂದಿ ಮುಚ್ಚಿದ ಕೆಂಡದಂಥ ಎರಡು ಹೆಡ್‌ಲೈಟು. ವಾಲ್ಪಾರೈ ಘಟ್ಟದಲ್ಲಿ ತಿರುವು ಬಂದ ಮೇಲೆ ತಿರುವು ಕಾಣುತ್ತದೆ ಎಂದು ನೀವು ಹೇಳಿದಿರಿ. ನಾನು ಐಟಿಐ ಮುಗಿಸಿ ಕಾರಮಡೈಯಲ್ಲಿ ಮೋಟರ್‌ಗೆ ವೈಂಡಿಂಗ್ ಕಟ್ಟುವವಳು, ದೀಪ ಕಟ್ಟುವುದು ನನಗೆಷ್ಟರ ಕೆಲಸವೆಂಬ ಹೆಮ್ಮೆ ಬೇರೆ. ಅಂಗಡಿಯಲ್ಲಿ ಒಂದೇ ಜಾತಿಯ ಬಿಳಿ ಎಲ್‌ಇಡಿ ಎರಡೇ ಇದ್ದವು. ಮೂರನೆಯದು ಹಳದಿ. "ಮಂಜಿಗೆ ಒಳ್ಳೇದು, ನಡೂಕೆ ಹಾಕು" ಅಂದಿರಿ. ಬಂಪರಿಗೆ ಮೂರು ತೂತು ಕೊರೆದೆ. ಎಡಕ್ಕೊಂದು ಬಿಳಿ, ಬಲಕ್ಕೊಂದು ಬಿಳಿ, ನಡುವೆ ಹಳದಿ.

ವೈರಿಂಗ್ ಹೇಗೆ ಮಾಡಿದೆ ಎಂಬುದು ಇಲ್ಲಿ ಮುಖ್ಯ. ಕರೆಂಟು ನೇರ ಬ್ಯಾಟರಿಯಿಂದ, ನಡುವೆ ಫ್ಯೂಸು, ರಿಲೇ. ರಿಲೇಗೆ 'ಹತ್ತಿಕೋ' ಎಂದು ಹೇಳುವ ಸಣ್ಣ ವೈರನ್ನು ಹೈ ಬೀಮಿನ ವೈರಿಗೆ ಕೂಡಿಸಿದೆ. ಹಾಗಾದಾಗ ನೀವು ಹೈ ಬೀಮ್ ಹಾಕಿದರೆ ಮಾತ್ರ ಮೂರೂ ದೀಪ ಹತ್ತುತ್ತವೆ. ಎದುರಿಗೆ ಗಾಡಿ ಬಂತೆಂದು ಡಿಮ್ ಮಾಡಿದ ಕೂಡಲೇ ಮೂರೂ ತಾವಾಗಿ ಆರುತ್ತವೆ. ಹೆಚ್ಚಿನ ದೀಪ ಕಟ್ಟುವ ಯಾರೇ ಆದರೂ ಕಟ್ಟಬೇಕಾದ ಕ್ರಮ ಅದೊಂದೇ. ಅವತ್ತು ಒಂದು ತಪ್ಪು ಉಳಿಯಿತು. ಹಳದಿ ದೀಪದ ಅರ್ಥ್ ವೈರನ್ನು ತುಕ್ಕಿನ ಮೇಲೆಯೇ ತಿರುಪಿ ಬಿಟ್ಟಿದ್ದೆ, ಹಾಗಾಗಿ ಗಾಡಿ ಕುಲುಕಿದಾಗಲೆಲ್ಲ ಅದು ಕಣ್ಣು ಹೊಡೆದಂತೆ ಆರಿ ಹತ್ತುತ್ತಿತ್ತು. ಮುಂದಿನ ಭಾನುವಾರ ಸರಿಮಾಡುತ್ತೇನೆ ಎಂದೆ. ಸಂಜೆ ಹೈ ಬೀಮ್ ಹಾಕಿದಾಗ ಸೊಸೈಟಿಯ ಗೋಡೆ ಹಗಲಾಯಿತು. ಅಮ್ಮ ಬಾಗಿಲಿಗೆ ಬಂದು "ಅಯ್ಯೋ, ಕಲ್ಯಾಣ ಮಂಟಪ ಮಾಡಿಬಿಟ್ಟಿರಲ್ಲ!" ಎಂದು ಕಣ್ಣಿಗೆ ಕೈ ಅಡ್ಡ ಹಿಡಿದಳು.

ಮೂರು ವಾರದ ನಂತರ ನೀವು ಮರಳಿ ಬಂದಿರಿ. ಊಟ ಮುಗಿಸಿ, ಕೈ ತೊಳೆಯದೆ ಕೂತು, "ಡಿಮ್ ಮಾಡ್ದಾಗ ಬಾವಿಗೆ ಇಳಿದಂಗೆ ಆಗ್ತದೆ ಅಮ್ಮಿಣಿ. ಎಲ್ಲಾ ಕಪ್ಪು. ಬೇರೆ ಸ್ವಿಚ್ ಹಾಕಿಕೊಡು, ಬೇಕಾದಾಗ ನಾನೇ ಆರಿಸ್ತೀನಿ" ಅಂದಿರಿ. ನಾನು ಆಗುವುದಿಲ್ಲ ಎಂದೆ. ಭಾಷಣವನ್ನೇ ಮಾಡಿದೆ. ಎದುರಿನವನ ಕಣ್ಣು, ರಸ್ತೆಯ ನ್ಯಾಯ, ಎಲ್ಲ. ನೀವು ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡು, "ಈ ಗಾಡಿ ನಿಂತ್ರೆ ನಾನೂ ನಿಂತಂಗೆ" ಎಂದು ಒಂದೇ ಮಾತು ಹೇಳಿ ಕೈ ತೊಳೆಯಲು ಎದ್ದಿರಿ. ಎದ್ದವರು ಹೊಸ್ತಿಲನ್ನು ಕಾಲಲ್ಲಿ ತಡವಿ ದಾಟಿದಿರಿ. ಹುಟ್ಟಿದಾಗಿನಿಂದ ದಾಟಿದ ಹೊಸ್ತಿಲು! ನಾನು ಅದನ್ನು ನೋಡಿದೆ ಅಪ್ಪಾ. ನೋಡಿಯೂ, ಬನ್ನಿ ಕಣ್ಣಿನ ಆಸ್ಪತ್ರೆಗೆ ಹೋಗೋಣ ಎನ್ನಲಿಲ್ಲ. ಡಾಕ್ಟರು ಗಾಡಿ ಓಡಿಸುವುದು ಬಿಡಿ ಎಂದುಬಿಟ್ಟರೆ ಏನು ಎಂಬ ಭಯ ನಿಮ್ಮಷ್ಟೇ ನನಗೂ ಇತ್ತು. ಸ್ಕ್ರೂಡ್ರೈವರ್ ತೆಗೆದುಕೊಂಡು ಹೋಗಿ ಆ ಸಣ್ಣ ವೈರನ್ನು ಹೈ ಬೀಮಿನಿಂದ ಬಿಡಿಸಿ, ಸ್ಟೇರಿಂಗ್ ಪಕ್ಕದಲ್ಲಿ ಬೇರೆ ಸ್ವಿಚ್ಚಿಗೆ ಕೊಟ್ಟೆ. ಹನ್ನೊಂದು ನಿಮಿಷದ ಕೆಲಸ. ಹಳದಿ ದೀಪದ ಅರ್ಥ್ ಆವತ್ತೂ ಸರಿಮಾಡಲಿಲ್ಲ.

ಅದೇ ವಾರ ಮೇಟುಪಾಳ್ಯಂ ಸಿಗ್ನಲ್ಲಿನಲ್ಲಿ ನಿಂತು 'ಎದುರಿನವರಿಗೂ ಕಣ್ಣಿದೆ' ಎಂಬ ಕರಪತ್ರವನ್ನು ಇನ್ನೂರು ಜನಕ್ಕೆ ಹಂಚಿದೆ. ಬರೆದವಳೂ ನಾನೇ. ದೊಡ್ಡ ಕಾರುಗಳ ಕಿಟಕಿ ತಟ್ಟಿ ತಟ್ಟಿ ಕೊಟ್ಟೆ. ಅವರ ದೀಪ ಕೊಬ್ಬು, ನಮ್ಮ ದೀಪ ಹೊಟ್ಟೆಪಾಡು ಎಂದು ಒಳಗೊಳಗೇ ಒಂದು ತರ್ಕ ಹೊಸೆದುಕೊಂಡಿದ್ದೆ. ಅದನ್ನು ಕರಪತ್ರದಲ್ಲಿ ಅಚ್ಚು ಹಾಕಿಸುವ ಧೈರ್ಯ ಮಾತ್ರ ನನಗೆ ಇರಲಿಲ್ಲ.

ಇನ್ನು ಕಳೆದ ತಿಂಗಳ ಮಾತು. ಆನೈಮಲೈಯಿಂದ ಕಾಲುವೆ ದಾರಿಯಲ್ಲಿ ನಾಲ್ಕು ಕಿಲೋಮೀಟರ್ ದೂರದ ಒಂದು ಊರಿನಲ್ಲಿ ಊರು ಕಾಯುವ ಭೂತ, ಮುನಿ, ಓಡಾಡುತ್ತಾನೆಂಬ ಸುದ್ದಿ ಕರಪತ್ರ ಹಂಚುವ ನಮ್ಮ ಗೆಳೆಯರ ಗುಂಪಿಗೆ ಬಂತು. ಮೂರು ಕಣ್ಣಿನ ಮುನಿಯಂತೆ, ಕತ್ತಲಾದ ಮೇಲೆ ಕಾಲುವೆಯ ಸೇತುವೆ ದಾಟುತ್ತಾನಂತೆ, ಒಬ್ಬ ಪಾಪಿಯನ್ನು ಈಗಾಗಲೇ ನೀರಿಗೆ ತಳ್ಳಿದನಂತೆ. ತೆಂಗಿನ ನಾರಿನ ಮಿಲ್ಲಿನ ಹೆಂಗಸರು ಸಂಬಳ ಕಡಿತವಾದರೂ ಸರಿಯೆಂದು ನಾಲ್ಕೂವರೆಗೇ ಮನೆಗೆ ಓಡುತ್ತಿದ್ದರು. ಪೊಳ್ಳಾಚಿಗೆ ಹೊಲಿಗೆ ಕಲಿಯಲು ಹೋಗುತ್ತಿದ್ದ ಇಬ್ಬರು ಹುಡುಗಿಯರನ್ನು ಬಿಡಿಸಿ ಮನೆಯಲ್ಲಿ ಕೂರಿಸಿದ್ದರು. ನನ್ನ ರಕ್ತ ಕುದಿಯಿತು. ನಿಮಗೆ ಗೊತ್ತಲ್ಲ ನನ್ನ ರಕ್ತ. 'ಭೂತದ ಭಯ, ಯಾರ ಲಾಭ?' ಎಂದು ತಮಿಳಿನಲ್ಲಿ ಬರೆದು, ನವೆಂಬರ್ ಇಪ್ಪತ್ತನಾಲ್ಕರ ಭಾನುವಾರ ಇರ್ಫಾನ್ ಜೊತೆ ಹೋಗಿ ಆ ಊರಿನ ಟೀ ಅಂಗಡಿಯ ಮುಂದೆ ನಿಂತೆ. ಸೇತುವೆಯ ಕಲ್ಲಿಗೆ ಕುಂಕುಮ ಹಚ್ಚಿ, ಕೊಯ್ದ ನಿಂಬೆಹಣ್ಣು ಇಟ್ಟಿದ್ದರು. ಕರ್ಪೂರದ ಮಸಿ ಹತ್ತಿ ಕಲ್ಲು ಕಪ್ಪಾಗಿತ್ತು.

ಅವರು ತಮಿಳಿನಲ್ಲಿ ಆಡಿದ್ದನ್ನು ನಮ್ಮ ಮನೆಮಾತಿಗೆ ತಂದು ಬರೆಯುತ್ತೇನೆ. ರಾಮಾಯಿ ಎಂಬ ಮುದುಕಿ ನನ್ನ ಕರಪತ್ರವನ್ನು ತಲೆಕೆಳಗಾಗಿ ಹಿಡಿದು ನೋಡಿ, ಮಡಚಿ ಎಲೆ ಅಡಿಕೆ ಸಂಚಿಗೆ ಹಾಕಿಕೊಂಡಳು. "ಓದಿದ್ದು ಸಾಕು ಅಮ್ಮಿಣಿ, ಏಳು ಗಂಟೆಗೆ ಸೇತುವೆ ಮೇಲೆ ನಿಂತ್ಕೊಂಡು ಇದೇ ಮಾತು ಹೇಳು. ಮುನಿಯೂ ಕೇಳಿ ಪುಣ್ಯ ಕಟ್ಟಿಕೊಳ್ಳಲಿ" ಅಂದಳು. ಎಲ್ಲರೂ ನಕ್ಕರು. ಸತ್ತವರು ಯಾರು ಎಂದು ಕೇಳಿದೆ. ಒಬ್ಬ "ವೆಲ್ಲಿಂಗಿರಿ, ಕುಡಿದು ಬಿದ್ದ ಅಂತ ಪೊಲೀಸ್ನೋರು ಬರ್ಕೊಂಡು ಹೋದ್ರು" ಎಂದ. ಇನ್ನೊಬ್ಬ "ಕುಡೀತಿರ್ಲಿಲ್ಲಪ್ಪ ಅವನು, ಯಾರ ತೋಟದ ಕಾಯಿ ಮುಟ್ಟಿದ್ನೋ ಏನೋ. ಮುನಿ ಸುಮ್‌ಸುಮ್ನೆ ಯಾರನ್ನೂ ಹೊಡಿಯಲ್ಲ" ಎಂದ. ಆಗ ಅಂಗಡಿಯ ಆಚೆ ಬದಿಯಿಂದ ಒಂದು ದನಿ ಬಂತು. "ಮುನಿ ಮೈಯಿಂದ ಡೀಸೆಲ್ ವಾಸನೆ ಬರ್ತದಾ?"

ಅವರು ಸೆಲ್ಲಮ್ಮ, ವೆಲ್ಲಿಂಗಿರಿಯವರ ಹೆಂಡತಿ. ಬಲಗೈಗೆ ಮೊಣಕೈವರೆಗೂ ಪ್ಲಾಸ್ಟರಿನ ಮಾವುಕಟ್ಟು, ಕುತ್ತಿಗೆಗೆ ಜೋಲಿ. ನನ್ನ ಎರಡು ಪುಟದ ವಾದವನ್ನೆಲ್ಲ ಅವರು ಅರ್ಧ ಸಾಲಿನಲ್ಲಿ ಹೇಳಿಬಿಟ್ಟಿದ್ದರು. ಅಕ್ಟೋಬರ್ ಇಪ್ಪತ್ತನಾಲ್ಕರ ಸಂಜೆ, ಏಳಕ್ಕೆ ಹತ್ತು ನಿಮಿಷ ಇರುವಾಗ, ಗಂಡನ ಮೊಪೆಡ್‌ನಲ್ಲಿ ಹಿಂದೆ ಕೂತು ಬರುತ್ತಿದ್ದರಂತೆ. ಎದುರಿಗೆ ಗಾಡಿಯೊಂದು ಬಂತು. ಅವರ ಗಂಡ ಎರಡು ಸಲ ಲೈಟು ಮಿಣುಕಿಸಿ ತೋರಿಸಿದರು. ಆ ಗಾಡಿಯ ಹೆಡ್‌ಲೈಟು ತಗ್ಗಿತು, ಆದರೆ ಬೆಳಕು ತಗ್ಗಲಿಲ್ಲ. "ದಾರಿಯೇ ಇಲ್ಲ ಸೆಲ್ಲಾ" ಎಂದರಂತೆ. ಅದೇ ಕೊನೆಯ ಮಾತು. ಮೊಪೆಡ್ ಕಾಲುವೆಯ ಏರಿ ಬಿಟ್ಟು ಕೆಳಗಿಳಿಯಿತು. ಸೆಲ್ಲಮ್ಮ ದಡದ ಕಲ್ಲಿನ ಮೇಲೆ ಬಿದ್ದರು, ವೆಲ್ಲಿಂಗಿರಿ ಮೊಪೆಡ್ ಸಮೇತ ತುಂಬಿ ಹರಿಯುವ ಕಾಲುವೆಗೆ. ನಾನು ಹೇಳಿದೆ, ಪೊಲೀಸರಿಗೆ ಮತ್ತೊಮ್ಮೆ ಅರ್ಜಿ ಕೊಡೋಣ, ನಾನೇ ಬರೆಯುತ್ತೇನೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬರೆದದ್ದು ಅಲ್ಲಿದೆ, ಕುಡುಕ ಅಂತ. ನಾನು ಮಂಗಳವಾರ ಮಾಸಾಣಿ ಹತ್ರ ಹೋಗ್ತೀನಿ. ಅಲ್ಲಿ ಬರೆಯೋಕೆ ಬರಬೇಕಾಗಿಲ್ಲ. ನೀ ಬಂದು ನೋಡು, ಆಮೇಲೆ ಮೂಢನಂಬಿಕೆ ಅನ್ನು" ಎಂದರು.

ಮೂರು ಕಣ್ಣು ಎಂದಾಗಲೇ ನನಗೆ ಹೊಳೆಯಬೇಕಿತ್ತು. ಹೊಳೆಯಿತು, ಆದರೆ ಮೂರು ದೀಪದ ಗಾಡಿ ಊರಿಗೆ ನೂರಿವೆ ಎಂದು ತಳ್ಳಿಹಾಕಿದೆ. ಹೋಗುವುದೇ ಇಲ್ಲವೆಂದುಕೊಂಡವಳು ಮಂಗಳವಾರ ಕೆಲಸಕ್ಕೆ ರಜೆ ಹಾಕಿ ಬಸ್ಸು ಹತ್ತಿದೆ. ಆನೈಮಲೈಯ ಮಾಸಾಣಿ ಅಮ್ಮನ ಗುಡಿಯ ರೂಢಿ ನಿಮಗೆ ಗೊತ್ತಿದ್ದದ್ದೇ. ಅನ್ಯಾಯಕ್ಕೆ ಒಳಗಾದವರು ಅಲ್ಲಿನ ಅರೆಯುವ ಕಲ್ಲಿನಲ್ಲಿ ಒಣಮೆಣಸಿನಕಾಯಿ ಅರೆದು, ಅನ್ಯಾಯ ಮಾಡಿದವರು ಉರಿಯಲಿ ಎಂದು ನ್ಯಾಯ ಕೇಳುವ ನೀತಿಕಲ್ಲಿಗೆ ಬಳಿಯುತ್ತಾರೆ. ತೊಂಬತ್ತು ದಿನದೊಳಗೆ ಅಮ್ಮ ಉತ್ತರ ಕೊಡುತ್ತಾಳೆ ಎನ್ನುತ್ತಾರೆ. ಇಂಥದನ್ನೆಲ್ಲ ಖಂಡಿಸಿ ನಾನು ಹದಿನೆಂಟನೇ ವಯಸ್ಸಿನಲ್ಲೇ ಬರೆದಿದ್ದೇನೆ. ಸೆಲ್ಲಮ್ಮ ಕಲ್ಲಿನ ಮುಂದೆ ಕೂತು, ಎಡಗೈಯಲ್ಲಿ ಗುಂಡುಕಲ್ಲು ಹಿಡಿದು ನಾಲ್ಕು ಸಲ ಎಳೆದರು. ಒಂಟಿ ಕೈಗೆ ಗುಂಡು ಜಾರುತ್ತಿತ್ತು. ಸುತ್ತಲಿದ್ದ ಹೆಂಗಸರು ಸಹಾಯಕ್ಕೆ ಬರಲಿಲ್ಲ, ಮುನಿ ಹೊಡೆದವನ ಹೆಂಡತಿ ಎಂದು ಅಷ್ಟು ದೂರಕ್ಕೂ ಸುದ್ದಿ ಹಬ್ಬಿತ್ತು. ಅವರು ತಲೆಯೆತ್ತಿ ನನ್ನನ್ನು ನೋಡಿದರು. "ನಂಬಿಕೆ ಇಲ್ಲದಿದ್ರೆ ಬೇಡ ಅಮ್ಮಿಣಿ. ಕೈ ಇದ್ರೆ ಸಾಕು" ಎಂದರು.

ನಾನು ಕೂತೆ. ಎರಡೂ ಕೈಯಲ್ಲಿ ಗುಂಡು ಹಿಡಿದು ಅವರ ಮೆಣಸಿನಕಾಯಿ ಅರೆದೆ. ನಾನು ಅರೆಯುತ್ತಿದ್ದಂತೆ ಅವರು ನೀರು ಚಿಮುಕಿಸುತ್ತಾ, ದೇವರಿಗೆ ಗುರುತು ಸರಿಯಾಗಿ ಸಿಗಬೇಕೆಂಬಂತೆ, ನಿಧಾನವಾಗಿ ಹೇಳತೊಡಗಿದರು. "ಎರಡು ಕಡೆ ಬಿಳಿ ತಾಯಿ. ನಡುವೆ ಒಂದು ಹಳದಿ. ಆ ಹಳದಿ ಕಣ್ಣು ಹೊಡೀತಿತ್ತು, ಆರಿ ಹತ್ತಿ, ಆರಿ ಹತ್ತಿ." ನನ್ನ ಕೈ ನಿಂತಿತು. "ಅರಿ ಅಮ್ಮಿಣಿ" ಎಂದರು. ಅರೆದೆ. "ಇದನ್ನ ಊರಲ್ಲಿ ಯಾರಿಗೂ ಹೇಳಿಲ್ಲ ತಾಯಿ, ಹೇಳಿದ್ರೆ ಮುನಿ ಜೊತೆ ಮೋಹಿನೀನೂ ಸೇರಿಸಿಬಿಡ್ತಾರೆ. ನಾನು ಕಲ್ಲಿನ ಮೇಲೆ ಬಿದ್ದು ಮೇಲೆ ನೋಡಿದಾಗ ಗಾಡಿ ದಾಟಿ ಹೋಗ್ತಿತ್ತು. ಅದಕ್ಕೊಂದು ದೊಡ್ಡ ಕಿಟಕಿ. ಕಿಟಕಿಯಾಚೆ ಕನ್ನಡಿ. ಕನ್ನಡಿ ಸುತ್ತ ದೀಪದ ಮಾಲೆ. ಒಬ್ಬಳು ಹೆಂಗಸು ಕೂತ್ಕೊಂಡು ತಲೆ ಬಾಚ್ಕೋತಿದ್ಲು. ಅಷ್ಟು ಚೆನ್ನಾಗಿ ಬಾಚ್ಕೋತಿದ್ಲು ತಾಯಿ. ಆ ಗಾಡಿ ಸ್ವಲ್ಪ ದೂರ ಹೋಗಿ ನಿಧಾನ ಆಯ್ತು. ನಿಲ್ತದೆ ಅಂದ್ಕೊಂಡೆ. ಆಮೇಲೆ ಹೋಯ್ತು."

ಹನ್ನೆರಡು ಬಲ್ಬು, ಅಪ್ಪಾ. ಪ್ರತಿ ಆಯುಧಪೂಜೆಗೆ ಅವನ್ನು ಒರೆಸಿದವಳು ನಾನು. ಆಗಲೇ ಎದ್ದು ಹೇಳಬೇಕಿತ್ತು. ಆದರೆ ಅರೆದು ಮುಗಿಸಿದೆ. ಅವರ ಎಡಗೈಯೊಂದರಲ್ಲಿ ಅಷ್ಟನ್ನೂ ಬಾಚಲು ಆಗುತ್ತಿರಲಿಲ್ಲ, ಆದ್ದರಿಂದ ನೀತಿಕಲ್ಲಿಗೆ ಬಳಿದದ್ದೂ ನಾನೇ. ನನ್ನ ಮೇಲಿನ ದೂರನ್ನು ನನ್ನ ಕೈಯಿಂದಲೇ ಕೊಟ್ಟು, "ಬಸ್ಸಿಗೆ ಹೊತ್ತಾಯಿತು" ಎಂದು ಸುಳ್ಳು ಹೇಳಿ ಓಡಿಬಂದೆ. ಹಿಂದಿನಿಂದ ಸೆಲ್ಲಮ್ಮ "ಕೈಗೆ ಎಣ್ಣೆ ಹಚ್ಕೋ ಅಮ್ಮಿಣಿ, ಇಲ್ಲದಿದ್ರೆ ರಾತ್ರಿ ಮಲಗೋಕಾಗಲ್ಲ" ಎಂದು ಕೂಗಿದರು. ನನಗೆ ದೇವರ ಮೇಲೆ ನಂಬಿಕೆಯಿಲ್ಲ, ಈಗಲೂ ಇಲ್ಲ. ಆದರೆ ಮೆಣಸಿನಕಾಯಿಗೆ ಅದರ ಗೊಡವೆಯಿಲ್ಲ. ಎರಡು ದಿನ ಎರಡೂ ಅಂಗೈ ಉರಿದವು, ತಾಮ್ರದ ತಂತಿ ಹಿಡಿಯಲಾಗದೆ ಕೆಲಸ ಬಿಟ್ಟು ಕೂತೆ. ಈಗ ಉರಿ ಹೋಗಿದೆ. ಹೋದ ಮೇಲೂ ನಾನು ಅಂಗೈಯನ್ನು ನೀರಿನಲ್ಲಿ ಅದ್ದುತ್ತಲೇ ಇದ್ದೇನೆ.

ಮನೆಗೆ ಬಂದು ಅಮ್ಮನ ಹಾಲಿನ ಲೆಕ್ಕದ ಕ್ಯಾಲೆಂಡರ್ ನೋಡಿದೆ. ನೀವು ಎಲ್ಲಿರುತ್ತೀರೆಂದು ಅವಳು ಅದರಲ್ಲಿ ಗುರುತು ಹಾಕುತ್ತಾಳಲ್ಲ. ಅಕ್ಟೋಬರ್ 24ರ ಚೌಕದಲ್ಲಿ ಅವಳ ಕೈಯ ತಮಿಳಿನಲ್ಲಿ 'ಆನೈಮಲೈಯಿಂದ ಉಡುಮಲೈ' ಎಂದಿದೆ. ಅದಾದ ಮೇಲೆ ಒಂದು ಚೌಕದಲ್ಲೂ 'ಮನೆ' ಎಂದಿಲ್ಲ. ಹೊತ್ತು ಮುಳುಗಿದ ಮೇಲೆ ದೊಡ್ಡ ರಸ್ತೆಯ ಗಾಡಿಗಳ ಬೆಳಕು ಕಿಂಡಿಯಿಂದ ಬಂದು ಮಗ್ಗದ ಮೇಲೆ ಹಾದುಹೋಗುತ್ತದೆ, ಯಾವಾಗಲೂ ಹೋಗುತ್ತಿತ್ತು. ಈಗ ಪ್ರತಿ ಸಲವೂ ಎಣಿಸುತ್ತೇನೆ. ಒಂದು, ಎರಡು. ಮೂರನೆಯದು ಬರುತ್ತದೆಯೇ ಎಂದು ಕಾಯುತ್ತೇನೆ. "ಏನ್ ಎಣಿಸ್ತೀಯೆ ಗೋಡೆ ನೋಡ್ಕೊಂಡು?" ಎಂದು ಅಮ್ಮ ಕೇಳಿದಳು. ಒಮ್ಮೆ ಆ ಬೆಳಕು ಸೀರೆಯ ಹಸಿರು ಹಾಸುನೂಲಿನ ಮೇಲೆ ಬಿದ್ದಾಗ, ಅದು ತುಂಬಿದ ಕಾಲುವೆಯಂತೆ ಕಂಡು ನಾನು ಕೂಗಿಬಿಟ್ಟೆ. ಕನಸಿನಲ್ಲಿ ಆ ಹೆಂಗಸು ಬರುತ್ತಾಳೆ. ನಿಮ್ಮ ಯಾವುದೋ ಪ್ರವಾಸಿ ಇರಬೇಕು, ಪಾಪ, ಅವಳಿಗೇನು ಗೊತ್ತು. ನನಗೆ ಬೆನ್ನು ತೋರಿಸಿ ಕೂತು ಬಾಚಿಕೊಳ್ಳುತ್ತಲೇ ಇರುತ್ತಾಳೆ, ಕನ್ನಡಿಯಲ್ಲಿ ಮುಖವಿರುವ ಕಡೆ ಹಳದಿ ದೀಪವಿರುತ್ತದೆ. ಭೂತವಿಲ್ಲ ಎಂದು ಸಾವಿರ ಪ್ರತಿ ಅಚ್ಚು ಹಾಕಿಸಿದವಳಿಗೆ ಭೂತ ಸಿಕ್ಕಿದೆ, ಅಪ್ಪಾ. ಅದರ ವೈರಿಂಗ್ ಕೂಡ ನನ್ನದೇ.

ನಿಮಗೆ ಇದೊಂದೂ ಗೊತ್ತಿಲ್ಲವೆಂದು ನಾನು ನಂಬಿದ್ದೇನೆ. ನಿಮ್ಮ ಕಣ್ಣಿಗೆ ಮೊಪೆಡ್ ಕಂಡಿರಲಿಕ್ಕಿಲ್ಲ. ಒಂದು ಸಣ್ಣ ಬೆಳಕು ಬಂತು, ಹೋಯಿತು, ಅಷ್ಟೇ ಇರಬೇಕು. ಗಾಡಿ ನಿಧಾನವಾದದ್ದು ಸೇತುವೆಯ ಉಬ್ಬಿಗೆ ಇರಬೇಕು. ಕಳೆದ ತಿಂಗಳು ಕೆಟ್ಟಿದೆಯೆಂದು ನೀವು ಬಸ್ ಪಾರ್ಸೆಲ್ಲಿನಲ್ಲಿ ಕಳಿಸಿದ ಆ ಹಳದಿ ದೀಪ ಡಬ್ಬಿ ಕಟ್ಟಿದ ಹಾಗೆಯೇ ಮಗ್ಗದ ಗುಂಡಿಯಲ್ಲಿದೆ. ಅಮ್ಮ ದಿನವೂ ಅದರ ಪಕ್ಕದಲ್ಲೇ ಕಾಲು ಆಡಿಸಿ ನೇಯುತ್ತಾಳೆ. ನನ್ನ ಕೆಟ್ಟ ಅರ್ಥ್‌ನಿಂದಲೇ ಅದು ಸುಟ್ಟುಹೋಗಿರಬೇಕು.

ಸೆಲ್ಲಮ್ಮನಿಗೆ ಬೇಕಾದದ್ದು ಏನೆಂದು ಬರೆದುಬಿಡುತ್ತೇನೆ. ಗುಡಿಯಲ್ಲಿ ಕೊನೆಗೆ ಅವರು ಬೇಡಿಕೊಂಡದ್ದು ಇಷ್ಟೇ. "ಅವನ ಕೈಕಾಲು ಬೀಳಲಿ ಅಂತ ಕೇಳಲ್ಲ ತಾಯಿ. ಅವನು ಬಂದು, ನನ್ನ ಗಂಡ ಕುಡಿದಿರಲಿಲ್ಲ, ಕದ್ದಿರಲಿಲ್ಲ ಅಂತ ಊರ ಮುಂದೆ ಒಂದು ಮಾತು ಹೇಳಲಿ." ಅವರ ಮಗಳು ಹೊಲಿಗೆ ಕಲಿಯುವುದನ್ನು ಬಿಟ್ಟು ಮನೆಯಲ್ಲಿ ಕೂತವರಲ್ಲಿ ಒಬ್ಬಳು. ಮುನಿ ಹೊಡೆದವನ ಮಗಳೆಂದು ಅವಳಿಗೆ ಆ ಊರಿನಲ್ಲಿ ಇನ್ನೊಂದು ಹೆಸರೇ ಉಳಿದಿಲ್ಲ. ಆ ಒಂದು ಮಾತನ್ನು ಹೇಳಬಲ್ಲವರು ಲೋಕದಲ್ಲಿ ನಾವಿಬ್ಬರೇ. ಹೇಳಿದರೆ ಏನಾಗುತ್ತದೆ ಎಂದು ನನಗೆ ತಿಳಿಯದ್ದೇನಲ್ಲ. ಊರವರು ಕೈ ಮಾಡಬಹುದು. ಅಲ್ಲಿಂದ ನಾವು ಠಾಣೆಗೆ ಹೋಗಬೇಕು, ಅವರು ಬರೆದದ್ದನ್ನು ತಿದ್ದಿಸಬೇಕು. ಗಾಡಿ ಹೋಗುತ್ತದೆ, ನಿಮ್ಮ ಲೈಸೆನ್ಸ್ ಹೋಗುತ್ತದೆ, ನಿಮಗೂ ನನಗೂ ಇನ್ನೇನು ಕಾದಿದೆಯೋ. ಗಾಡಿ ನಿಂತರೆ ನೀವು ನಿಂತಂತೆ ಎಂದಿರಿ. ನಿಂತುಬಿಡೋಣ ಅಪ್ಪಾ. ಆವತ್ತು ಸೇತುವೆ ದಾಟಿ ನಿಲ್ಲಬೇಕಿತ್ತಲ್ಲ, ಈಗ ನಿಲ್ಲೋಣ.

ಅಮ್ಮ ನಿಮ್ಮನ್ನು ಕೇಳಿದಳು, ಬೆನ್ನಿಗೆ ಕಟ್ಟಿಕೊಳ್ಳಲು ಹಳೆಯ ಸೀರೆ ಹರಿದು ಪಟ್ಟಿ ಮಾಡಿ ಕಳಿಸಿದ್ದಾಳೆ. ಅವಳಿಗೆ ಇನ್ನೂ ಏನೂ ಹೇಳಿಲ್ಲ, ನಾಳೆ ಹೇಳುತ್ತೇನೆ. ಹಿರಿಯರ ಕಾಲಿಗೆ ಬೀಳುವುದನ್ನು ಹದಿನಾರನೇ ವಯಸ್ಸಿಗೆ ಬಿಟ್ಟವಳು ನಾನು, ಅದಕ್ಕೆ ನೀವು ಒಂದು ವಾರ ಮುನಿಸಿಕೊಂಡಿದ್ದಿರಿ. ಈ ಕಾಗದದಲ್ಲಿ ಬೀಳುತ್ತಿದ್ದೇನೆ. ಹನಿ ತಪ್ಪದೆ ಹಾಕಿಕೊಳ್ಳಿ.

ನಿಮ್ಮ ಮಗಳು,
ಕೃತ್ತಿಕಾ

ಮರೆತ ಮಾತು: ಮೈಲ್‌ಸಾಮಿ ಅಣ್ಣ ಈ ಕಾಗದ ಒಯ್ಯಲು ಬಾಗಿಲಲ್ಲಿ ನಿಂತಿದ್ದಾರೆ, ನಾಲ್ಕರ ಬಸ್ಸಿಗೆ ಹೊರಟಿದ್ದಾರೆ. ಕಾಗದ ಮಡಚಿದ ಮೇಲೆ ಮನಸ್ಸು ತಡೆಯದೆ ಗುಂಡಿಗೆ ಇಳಿದು ಆ ಡಬ್ಬಿ ಬಿಚ್ಚಿದೆ. ಮೇಲೆ 'ಕೆಟ್ಟಿದೆ' ಎಂದು ಬರೆದಿದ್ದೀರಿ. ಒಳಗೆ ಗಾಜು ಒರೆಸಿ, ವೈರಿನ ತುದಿಗಳಿಗೆ ಟೇಪ್ ಸುತ್ತಿ, ಹಳೆಯ ಪಂಚೆಯಲ್ಲಿ ಮಗುವಿನಂತೆ ಸುತ್ತಿಟ್ಟಿದ್ದೀರಿ. ಇನ್ವರ್ಟರ್ ಬ್ಯಾಟರಿಗೆ ಹಚ್ಚಿ ನೋಡಿದೆ. ಉರಿಯಿತು ಅಪ್ಪಾ. ಒಂದು ಸಲವೂ ಆರದೆ ಉರಿಯಿತು. ಅದು ಕೆಟ್ಟಿರಲಿಲ್ಲ. ಮೂರು ಕಣ್ಣಿನ ಸುದ್ದಿ ನಿಮ್ಮ ಕಿವಿಗೂ ಬಿದ್ದಿದೆ, ನಿಮಗೆ ಎಲ್ಲ ಗೊತ್ತಿದೆ. ಹಾಗಿದ್ದೂ ಅದನ್ನು ಎಸೆಯಲಿಲ್ಲ. ಉಡುಮಲೈಯಲ್ಲಿ ಕಾಲುವೆಗಳಿಗೆ ಬರವೇ? ಎಸೆಯದೆ ನನಗೆ ಕಳಿಸಿದಿರಿ. ಅದಕ್ಕೇ ನೀವು ಬರುತ್ತೀರಿ ಎಂದುಕೊಂಡಿದ್ದೇನೆ. ದೀಪವನ್ನು ನಾನು ಚೀಲದಲ್ಲಿ ತರುತ್ತೇನೆ. ನೀವು ಗಾಡಿ ಮುಟ್ಟಬೇಡಿ, ಬಸ್ಸಿನಲ್ಲಿ ಬನ್ನಿ. ನೀವು ಬಂದರೂ ಬಾರದಿದ್ದರೂ ನಾನು ಅಲ್ಲಿ ನಿಂತು ಹೇಳುತ್ತೇನೆ. ನಿಂಬೆಹಣ್ಣು ಇಟ್ಟ ಕಲ್ಲಿನ ಪಕ್ಕ, ಕಾಲುವೆಯ ಸೇತುವೆ, ಡಿಸೆಂಬರ್ ಆರು, ಶುಕ್ರವಾರ, ಬೆಳಿಗ್ಗೆ ಹತ್ತು ಗಂಟೆ.